ಎರಡನೆಯ ಗುಂಡು

ಒಬ್ಬ ತಾಯಿಗೆ, ಅವಳ ಮಗು ಬದುಕಿರುವಾಗಲೇ, ಅದು ಸತ್ತಿತೆಂದು ಹೇಳಿದವಳು ನಾನು. ಸತ್ತಿತು ಎಂಬ ಮಾತನ್ನು ಬಾಯಿಬಿಟ್ಟು ಆಡಲಿಲ್ಲ — ಎರಡು ಗುಂಡು ಎಂದೆ, ಅಷ್ಟೆ. ಕೊಡಗಿನಲ್ಲಿ ಹುಟ್ಟಿದವರಿಗೆ ಅದಕ್ಕಿಂತ ಬಿಡಿಸಿ ಹೇಳಬೇಕಾಗಿಲ್ಲ. ಗಂಡು ಮಗು ಹುಟ್ಟಿದರೆ ಅಂಗಳದಲ್ಲಿ ನಿಂತು ಕೋವಿಯಿಂದ ಒಂದು ಗುಂಡು ಹಾರಿಸುತ್ತೇವೆ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಎರಡು, ಒಂದರ ಬೆನ್ನಿಗೇ ಇನ್ನೊಂದು. ಗುಡ್ಡದಾಚೆಯವರು ಕೈಕೆಲಸ ನಿಲ್ಲಿಸಿ ಕಿವಿಗೊಡುತ್ತಾರೆ. ಒಂದಕ್ಕೇ ನಿಂತರೆ ನಗುತ್ತಾರೆ. ಎರಡನೆಯದು ಬಂದರೆ ಸೆರಗು ಬಿಗಿದುಕೊಂಡು ಆ ಮನೆಯ ಕಡೆ ಹೊರಡುತ್ತಾರೆ.

ಆ ಎರಡನೆಯ ಗುಂಡನ್ನು ನಾನು ಹೊಡೆದೆ. ಕೋವಿ ಇಲ್ಲದೆ.

ಇದನ್ನು ಇಷ್ಟು ಕಾಲ ನನ್ನ ಗಂಡನಿಗೂ ಹೇಳಿರಲಿಲ್ಲ. ಈಗ ಯಾಕೆ ಹೇಳುತ್ತಿದ್ದೇನೆ ಎಂದರೆ — ಅಯ್ಯೋ, ಮೊದಲು ಸಂತೋಷದ್ದನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಎದೆ ಒಡೆದೀತು. ನನ್ನ ಮಗಳು ಪಾರ್ವತಿ ಗಂಡು ಹೆತ್ತಿದ್ದಾಳೆ! ನಾನು ಅಜ್ಜಿಯಾದೆ! ಮಗುವಿನ ಕಿವಿ ಇನ್ನೂ ಬಿಚ್ಚಿಕೊಳ್ಳದ ಚಿಗುರಿನ ಹಾಗೆ ಮಡಿಚಿಕೊಂಡಿದೆ. ಮುಷ್ಟಿ ಬಿಡಿಸಿದರೆ ಮತ್ತೆ ಮುಚ್ಚುತ್ತದೆ, ಒಳಗೆ ಏನೋ ಬಚ್ಚಿಟ್ಟವರ ಹಾಗೆ. ಅದು ಆಕಳಿಸಿದರೆ ನಾನು ಮನೆಮಂದಿಯನ್ನೆಲ್ಲ ಕೂಗಿ ಕರೆಯುತ್ತೇನೆ. "ಮಗು ಆಕಳಿಸಿದ್ದಕ್ಕೆ ಊರು ಸೇರಿಸೊಕಾ?" ಎಂದು ನನ್ನ ಗಂಡ ಗೇಲಿ ಮಾಡುತ್ತಾರೆ. ಮಾಡಲಿ. ತೋಟದಲ್ಲಿ ಕಾಫಿ ಹೂ ಅರಳಿ ಬೆಳ್ಳಗಾಗಿದೆ, ಆ ವಾಸನೆ ಬಾಣಂತಿಯ ಕೋಣೆಯವರೆಗೂ ಬರುತ್ತಿದೆ. ನನಗೆ ಕುಣಿಯಬೇಕು ಅನ್ನಿಸುತ್ತದೆ. ಈ ವಯಸ್ಸಿನಲ್ಲಿ!

ಇಂಥ ಸಂತೋಷದ ನಡುವೆಯೇ ಮಾತೊಂದು ಕಿವಿಗೆ ಬಿತ್ತು. ಆಡಿದವಳು ನನ್ನ ಬೀಗಿತಿ ನೀಲಮ್ಮ, ಅಳಿಯ ಸುಬ್ಬಯ್ಯನ ತಾಯಿ. ನಾನು ಎರಡು ಗುಂಡು ಎಂದು ಹೇಳಿದ್ದು ಅವಳಿಗೇ.

ಮೊದಲಿನಿಂದ ಹೇಳುತ್ತೇನೆ. ಮಿಷನ್ ಶಾಲೆಯಲ್ಲಿ ಎರಡನೇ ಕ್ಲಾಸಿನವರೆಗೆ ಮಾತ್ರ ಓದಿದವಳು ನಾನು. ಒತ್ತು, ದೀರ್ಘ ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ. ಮಾತು ತಪ್ಪಿಲ್ಲ.

ನನ್ನ ಗಂಡ ಆಗ ದೊರೆಗಳ ತೋಟವೊಂದರಲ್ಲಿ ಗಾಡಿ ಹೊಡೆಯುತ್ತಿದ್ದರು. ಮಡಿಕೇರಿಯ ಹೊರಗೆ, ಬೆಟ್ಟದ ಇಳಿಜಾರಿನಲ್ಲಿ ಒಂದು ಸಣ್ಣ ಆಸ್ಪತ್ರೆಯಿತ್ತು. ಅಲ್ಲಿ ನನಗೆ ಆಯಾ ಕೆಲಸ ಸಿಕ್ಕಿತು. ಆಸ್ಪತ್ರೆಯ ಹಿಂಬದಿಯಲ್ಲಿ, ಬಟ್ಟೆ ಒಗೆಯುವ ಕಲ್ಲಿನಾಚೆ, ಎರಡು ಕೋಣೆಗಳು. ಬುದ್ಧಿ ಕದಡಿದ ಹೆಂಗಸರನ್ನು ಅಲ್ಲಿ ಇಡುತ್ತಿದ್ದರು. ಮುಂದಿನ ವಾರ್ಡಿನ ಆಯಾಗಳು ಅಲ್ಲಿಗೆ ಬರಲು ಹೆದರುತ್ತಿದ್ದರು. ಹೊಸಬಳಾದ್ದರಿಂದ ನನ್ನನ್ನು ಅಲ್ಲಿಗೆ ಹಾಕಿದರು.

ಆ ಕೋಣೆಗಳನ್ನು ನೋಡಿಕೊಳ್ಳುತ್ತಿದ್ದವರು ಮಂಗಳೂರು ಕಡೆಯ ನರ್ಸಮ್ಮ, ಫ್ಲೋರಿನಮ್ಮ. ದಪ್ಪ ಮೈ, ದೊಡ್ಡ ಗಂಟಲು, ನಶ್ಯದ ಡಬ್ಬಿ. ಆದರೆ ಆ ಹೆಂಗಸರ ಹತ್ತಿರ ಹೋದರೆ ಬೇರೆಯೇ ಮನುಷ್ಯಳು. ಮೊದಲ ದಿನ ನಾನು ಬಾಗಿಲಲ್ಲಿ ನಿಂತು, ಒಳಗೆ ಅಳುತ್ತಿದ್ದವಳಿಗೆ "ಅಳ್ಬೇಡ, ಏನೂ ಆಗಿಲ್ಲೆ" ಎಂದೆ. ಫ್ಲೋರಿನಮ್ಮ ನನ್ನನ್ನು ಒಗೆಯುವ ಕಲ್ಲಿನ ಹತ್ತಿರ ಎಳೆದುಕೊಂಡು ಹೋದರು.

"ಏನೂ ಆಗಿಲ್ವಾ? ನಿನಗೆ ಎಂತ ಗೊತ್ತು ಮಾರಾಯ್ತಿ, ಅವಳಿಗೆ ಎಂತ ಆಗಿದೆ ಅಂತ?"

ಮತ್ತೆ ಒಂದು ಮೊರ ಅಕ್ಕಿ ತಂದು ನನ್ನ ಕೈಗೆ ಕೊಟ್ಟರು. ಅದು ಅವರ ಪದ್ಧತಿ. ರೋಗಿಯ ಎದುರು ನಿಲ್ಲಬಾರದು, ಎದುರು ಕೂರಲೂ ಬಾರದು. ಪಕ್ಕದಲ್ಲಿ ಕೂತು, ಇಬ್ಬರ ನಡುವೆ ಮೊರ ಇಟ್ಟುಕೊಂಡು ಕಲ್ಲು ಆರಿಸಬೇಕು. "ಮುಖಕ್ಕೆ ಮುಖ ಕೊಟ್ಟು ಕೂತ್ರೆ ಪೊಲೀಸಿನವರ ಹಾಗೆ ಆಗ್ತದೆ. ಕೈಗೊಂದು ಕೆಲಸ ಇದ್ರೆ ಬಾಯಿ ತಾನಾಗಿ ಬಿಚ್ತದೆ. ಬಿಚ್ಚದಿದ್ರೆ ಅಕ್ಕಿಯಾದ್ರೂ ಹಸನಾಗ್ತದೆ." ಅವಳು ಮಾತಾಡಿದರೆ ಅರ್ಧದಲ್ಲಿ ಬಾಯಿ ಹಾಕಬಾರದು. ಅತ್ತರೆ ಅಳು ನಿಲ್ಲಿಸಲು ಹೋಗಬಾರದು. ಕೇಳಿದ್ದಕ್ಕೆ ಗೊತ್ತಿದ್ದಷ್ಟು ಹೇಳಬೇಕು. "ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅಂತ್ಲೇ ಹೇಳು. ಈ ಹೆಂಗಸ್ರಿಗೆ ಲೋಕ ಎಲ್ಲ ಅಲ್ಲಾಡ್ತಾ ಉಂಟು. ನಿನ್ನ ಮಾತೊಂದು ಅಲ್ಲಾಡ್ಬಾರ್ದು."

ನಿನ್ನ ಮಾತೊಂದು ಅಲ್ಲಾಡಬಾರದು. ಇದನ್ನು ಹೇಳಿಕೊಟ್ಟಿದ್ದರು ನನಗೆ. ಗೊತ್ತಿಲ್ಲದೆ ಮಾಡಿದೆ ಎನ್ನಲು ನನಗೆ ದಾರಿಯಿಲ್ಲ.

ನೀಲಮ್ಮನನ್ನು ಕಕ್ಕಬೆಯ ಕಡೆಯಿಂದ ಎತ್ತಿನ ಗಾಡಿಯಲ್ಲಿ ಕರೆತಂದರು. ನನ್ನದೇ ಪ್ರಾಯದವಳು, ನಮ್ಮದೇ ಅರೆಭಾಷೆ ಮಾತಾಡುವವಳು. ಚೊಚ್ಚಲ ಹೆರಿಗೆಯಲ್ಲಿ ಜ್ವರ ತಲೆಗೇರಿ ಬುದ್ಧಿ ಕದಡಿತ್ತು. ಯಾರನ್ನೂ ಗುರುತಿಸುತ್ತಿರಲಿಲ್ಲ, ಹೊದೆದದ್ದನ್ನು ಹರಿದು ಹಾಕುತ್ತಿದ್ದಳು. ಹೆದರಿದ ಮನೆಯವರು ಮಗುವನ್ನು ಅವಳ ಮಗ್ಗುಲಿಂದ ತೆಗೆದುಕೊಂಡು ಹೋಗಿದ್ದರು. "ಅವ್ಳ ಎದ್ರು ಮಗುನ ಸುದ್ದಿ ಎತ್ತ್ಬೇಡಿ, ಕೆರಳ್ತಾಳೆ" ಎಂದು ಹೇಳಿ ಅವಳ ಅತ್ತೆ ಗಾಡಿ ಹತ್ತಿದ್ದಳು. ಮಗು ಉಳಿದಿದೆಯೋ ಇಲ್ಲವೋ ನಮಗೂ ಹೇಳಲಿಲ್ಲ. ನಾವು ಕೇಳುವಷ್ಟರಲ್ಲಿ ಗಾಡಿ ತಿರುವು ದಾಟಿತ್ತು.

ಜ್ವರ ಇಳಿಯಿತು. ಅವಳಿಗೆ ಒಂದೇ ಪ್ರಶ್ನೆ ಉಳಿಯಿತು.

"ಲೆಚ್ಚುಮಿ, ಎಷ್ಟ್ ಗುಂಡು ಹೊಡ್ದೊ?"

ಮೊರ ಮುಂದಿಟ್ಟುಕೊಂಡು ಪಕ್ಕದಲ್ಲಿ ಕೂರುತ್ತಿದ್ದೆ. ಅವಳು ಕಲ್ಲು ಆರಿಸುತ್ತಿದ್ದಳು, ಒಳ್ಳೆಯ ಕೈ ಅವಳದು. ಆರಿಸುತ್ತಾ ಆರಿಸುತ್ತಾ ಕೇಳುತ್ತಿದ್ದಳು. ನಾನು "ನಂಗೆ ಗೊತ್ತಿಲ್ಲೆ ಅಕ್ಕ, ನಾ ಅಲ್ಲಿ ಇರ್ಲಿಲ್ಲೆ" ಎನ್ನುತ್ತಿದ್ದೆ. ಅದು ನಿಜವೇ ಆಗಿತ್ತು. ಫ್ಲೋರಿನಮ್ಮ ಅವಳ ಮನೆಗೆ ಹೇಳಿಕಳಿಸಿದ್ದರು, ಯಾರಾದರೂ ಬಂದು ಮಗುವಿನ ಸುದ್ದಿ ಹೇಳಿ ಎಂದು. ಕಾಫಿ ಕೊಯ್ಲಿನ ಕಾಲ, ಯಾರೂ ಬಂದಿರಲಿಲ್ಲ. "ಬರುವವರೆಗೆ ನಿಮ್ಮ ಜೊತೆ ನಾವೂ ಕಾಯ್ತೇವೆ ಅಂತ ಹೇಳು" ಎಂದಿದ್ದರು. ಹಾಗೇ ಹೇಳುತ್ತಿದ್ದೆ. ಅವಳು ತಲೆ ಆಡಿಸುತ್ತಿದ್ದಳು. ಊಟ ಮಾಡತೊಡಗಿದ್ದಳು. ನನಗೆ ತಲೆ ಕೂಡ ಬಾಚಿದ್ದಳು ಒಂದು ದಿನ — ಎಣ್ಣೆ ಹಾಕಿ, ಸಿಕ್ಕು ಬಿಡಿಸಿ, "ಬಸುರಿ ಹೆಣ್ಣು ಹಿಂಗೆ ಕೆದರ್ಕೊಂಡು ಇರೊದಾ?" ಎಂದು ಬೈದು. ಆಗ ನಾನು ಬಸುರಿ. ಹೊಟ್ಟೆಯಲ್ಲಿ ಇದ್ದದ್ದು ಇದೇ ಪಾರ್ವತಿ.

ಅಷ್ಟರಲ್ಲಿ ಫ್ಲೋರಿನಮ್ಮ ಅಕ್ಕನಿಗೆ ಸೀಕು ಎಂದು ಊರಿಗೆ ಹೋದರು. ಹೋಗುವಾಗಲೂ ಮೊರದ ಕಡೆ ಕೈ ತೋರಿಸಿಯೇ ಹೋದರು.

ಆ ದಿನ ಸಂಜೆ. ಬಿಸಿಲು ಇನ್ನೂ ಇತ್ತು. ಬೆಳಗಿನಿಂದ ನೀರು ಹೊತ್ತು ಸೊಂಟ ಬಿದ್ದುಹೋಗಿತ್ತು, ಕಾಲು ಬಾತಿತ್ತು. ನನ್ನ ಪಾಳಿ ಮುಗಿದು ಹೊರಡಬೇಕು, ಕೆಳಗಿನ ರಸ್ತೆಯಲ್ಲಿ ನನ್ನ ಗಂಡ ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದಾರೆ. ಆಗ ಎದುರು ಗುಡ್ಡದ ಯಾವುದೋ ಮನೆಯಿಂದ ಗುಂಡು ಕೇಳಿಸಿತು. ಢಮ್. ಬೆನ್ನಿಗೇ ಇನ್ನೊಂದು.

ನೀಲಮ್ಮ ಎದ್ದು ನಿಂತಳು. ಮೊರ ಉರುಳಿ ಅಕ್ಕಿಯೆಲ್ಲ ನೆಲಕ್ಕೆ. ನನ್ನ ಸೆರಗು ಹಿಡಿದಳು.

"ಎರಡು! ಎರಡಲ್ಲ ಲೆಚ್ಚುಮಿ? ಅವತ್ತು ನನ್ನ ಮನೇಲಿ ಎಷ್ಟು? ಹೇಳು, ಅವತ್ತು ಎಷ್ಟು?"

ಗೊತ್ತಿಲ್ಲೆ ಎಂದೆ. ಮತ್ತೆ ಕೇಳಿದಳು. ಬಿಡು ಅಕ್ಕ ಎಂದೆ. ಬಿಡಲಿಲ್ಲ. ಸೆರಗು ಎಳೆದಳು, ನಾನು ಜಾರಿದೆ, ಗೋಡೆಗೆ ಕೈ ಕೊಟ್ಟು ನಿಂತೆ — ಅಲ್ಲಿ ನೆಲದಲ್ಲಿ ಅಕ್ಕಿ ಇತ್ತಲ್ಲ, ಅದನ್ನೂ ಈಗ ನಾನೇ ಆರಿಸಬೇಕಲ್ಲ ಎಂದು — ಇಷ್ಟು ಸಣ್ಣದಕ್ಕೆ, ಇಷ್ಟು ಸಣ್ಣ ಸಿಟ್ಟಿಗೆ —

"ಎರಡೇ! ಅವತ್ತೂ ಎರಡೇ ಹೊಡ್ದೊ! ಸಾಕಾ? ಬಿಡೀಗ ನನ್ನ!"

ಬಿಟ್ಟಳು.

ಕೈ ತಾನಾಗಿ ಬಿಚ್ಚಿಕೊಂಡಿತು, ಹಣ್ಣು ಕಳಚಿದ ಹಾಗೆ. ಕೆಳಗೆ ಕೂತು ನೆಲದ ಅಕ್ಕಿಯನ್ನು ಒಟ್ಟುಮಾಡಿ ಮೊರಕ್ಕೆ ಹಾಕತೊಡಗಿದಳು. ನಾನು ಗಾಡಿ ಹತ್ತಿದೆ. ದಾರಿಯಲ್ಲಿ ನನ್ನ ಗಂಡ ಏನೋ ತಮಾಷೆ ಹೇಳಿದರು, ನಾನು ನಕ್ಕೆ ಕೂಡ. ನಕ್ಕದ್ದು ನೆನಪಿದೆ.

ಮರುದಿನ ಅವಳು ಪ್ರಶ್ನೆ ಕೇಳಲಿಲ್ಲ. ಅದರ ಮರುದಿನವೂ. ಕೊಟ್ಟದ್ದನ್ನು ತಿಂದಳು, ಕೂರಿಸಿದಲ್ಲಿ ಕೂತಳು. ಗಾಯಕ್ಕೆ ಪಟ್ಟಿ ಕಟ್ಟುವ ಡ್ರೆಸ್ಸರ್ ಬಂದು ನೋಡಿ, "ಭೇಷ್ ಲೆಚ್ಚುಮಿ! ಗಲಾಟೆ ನಿಂತಿತು, ಗುಣ ಆಯಿತು" ಎಂದು ಎಲ್ಲರೆದುರು ಹೊಗಳಿದರು. ಮುಂದಿನ ವಾರ್ಡಿನ ಆಯಾಗಳು ಏನು ಮದ್ದು ಮಾಡಿದೆ ಎಂದು ನನ್ನನ್ನೇ ಕೇಳಿದರು. ನನಗೂ ಹಾಗೇ ಅನ್ನಿಸತೊಡಗಿತು. ಬಹುಶಃ ಮಗು ಸತ್ತೇ ಇರಬೇಕು, ನಾನು ಹೇಳಿದ್ದು ನಿಜವೇ ಇರಬೇಕು ಎಂದು ನನ್ನೊಳಗೇ ಗಂಟು ಹಾಕಿಕೊಂಡೆ.

ಫ್ಲೋರಿನಮ್ಮ ತಿರುಗಿ ಬಂದರು. ಕೋಣೆಗೆ ಹೋದರು, ನೀಲಮ್ಮನ ಪಕ್ಕ ತುಂಬಾ ಹೊತ್ತು ಕೂತರು, ಹೊರಗೆ ಬಂದರು. ನಶ್ಯದ ಡಬ್ಬಿ ಕೈಯಲ್ಲೇ ಇತ್ತು, ಏರಿಸಿರಲಿಲ್ಲ.

"ಇದು ಗುಣ ಅಲ್ಲ. ಇವಳು ಕಾಯುವುದನ್ನು ಬಿಟ್ಟಿದ್ದಾಳೆ. ನೀನು ಎಂತದಾದ್ರೂ ಹೇಳಿದ್ಯಾ?"

"ಏನೂ ಇಲ್ಲ ಅಮ್ಮ" ಎಂದೆ.

ಅವರು ನನ್ನನ್ನೇ ನೋಡಿದರು. ಮತ್ತೆ ಕೇಳಲಿಲ್ಲ. ಆ ಕಣ್ಣನ್ನು ಈಗಲೂ —

ಇನ್ನೂ ಒಂದು ಇದೆ. ಕೊಯ್ಲು ಮುಗಿದು ಮನೆಯವರು ಅವಳನ್ನು ಕರೆದೊಯ್ಯಲು ಬಂದರು. ಅವತ್ತು ಫ್ಲೋರಿನಮ್ಮ ಒಳಗೆ ಹೆರಿಗೆಯೊಂದರಲ್ಲಿದ್ದರು. ಅವಳ ಬಟ್ಟೆಗಂಟು ಎತ್ತಿಕೊಂಡು ಗಾಡಿಯ ತನಕ ನಾನು ಹೋದೆ. ಗಾಡಿ ತಂದವನು ಅವಳ ಮೈದುನ. ಅವನಿಗೆ ಮಾತ್ರ ಕೇಳಿಸುವ ಹಾಗೆ ಕೇಳಿದೆ, ಮಗು ಏನಾಯಿತು ಎಂದು.

"ಏನಾಗೊದು? ಹೈದ ಗಟ್ಟಿ ಉಟ್ಟು! ಹಾಲು ಕುಡ್ದ್ ಕುಡ್ದ್ ಕುಂಬಳಕಾಯಿ ಆಗುಟ್ಟು" ಎಂದು ನಕ್ಕ.

ಗಾಡಿಯೊಳಗೆ ಅವಳು ಗೋಣು ಬಗ್ಗಿಸಿ ಕೂತಿದ್ದಳು. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ. 'ಅಕ್ಕ, ನಾನು ಸುಳ್ಳು ಹೇಳಿದೆ, ನಿನ್ನ ಮಗ ಇದ್ದಾನೆ' — ಒಂದು ಉಸಿರಿನ ಮಾತು. ಆದರೆ ಮೈದುನ ಅಲ್ಲೇ ನಿಂತಿದ್ದ, ಡ್ರೆಸ್ಸರ್ ಮೆಟ್ಟಿಲ ಮೇಲಿದ್ದರು, ನಾನು ಹೊಗಳಿಸಿಕೊಂಡವಳು. ಹೇಗೂ ಮನೆಗೆ ಹೋಗಿ ಮಗುವನ್ನು ನೋಡುತ್ತಾಳಲ್ಲ, ಆಗ ತಾನೇ ತಿಳಿಯುತ್ತದೆ ಎಂದುಕೊಂಡೆ. ಗಂಟನ್ನು ಅವಳ ಪಕ್ಕ ಇಟ್ಟೆ. ಗಾಡಿ ಹೋಯಿತು.

ವರ್ಷಗಳು ಹೋದವು. ಪಾರ್ವತಿ ಬೆಳೆದಳು. ಕಕ್ಕಬೆ ಕಡೆಯಿಂದ ಸಂಬಂಧ ಬಂತು: ಹುಡುಗ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್, ಓದಿದವನು, ಹೆಸರು ಸುಬ್ಬಯ್ಯ. ಮನೆ ನೋಡಲು ಹೋದೆವು. ಜಗಲಿಯ ತುದಿಯಲ್ಲಿ ಒಬ್ಬ ಹೆಂಗಸು ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದಳು. ಕೂದಲು ನೆರೆತಿತ್ತು. ಆ ಕೈ ನೋಡಿದ ಕೂಡಲೇ ನನಗೆ ಗೊತ್ತಾಯಿತು.

ಅವಳು ನನ್ನನ್ನು ನೋಡಿದಳು, ಕೈಮುಗಿದಳು, ಮತ್ತೆ ಅಕ್ಕಿಗೆ ಬಗ್ಗಿದಳು. ಗುರುತು ಸಿಗಲಿಲ್ಲ ಎಂದುಕೊಂಡೆ. ಸದ್ಯ, ನಾನು ಬದುಕಿಕೊಂಡೆ ಎಂದುಕೊಂಡೆ! ಎಂಥ ಹೆಣ್ಣು ನಾನು!

ಆ ಮನೆಯಲ್ಲಿ ನಡೆದದ್ದನ್ನು ಸುಬ್ಬಯ್ಯನ ಬಾಯಿಂದಲೇ ಕೇಳಿದೆ, ಮದುವೆಯಾದ ಮೇಲೆ. ಆಸ್ಪತ್ರೆಯಿಂದ ಬಂದ ದಿನ ಮಗುವನ್ನು ಮಡಿಲಿಗೆ ಹಾಕಿದರಂತೆ. "ಇದ್ ಯಾರ್ದ್?" ಎಂದು ಕೇಳಿದಳಂತೆ. ನಿನ್ನದೇ ಎಂದರೆ, "ನಂದ್ ಹೋಗುಟ್ಟು. ನಂಗೆ ಗೊತ್ತುಟ್ಟು" ಎಂದಳಂತೆ. ಇನ್ನೂ ಬುದ್ಧಿ ಸರಿಯಾಗಿಲ್ಲ ಎಂದು ಅತ್ತೆ ಮಗುವನ್ನು ಎತ್ತಿಕೊಂಡು ಹೋದಳಂತೆ. ಅಜ್ಜಿಯ ಮಡಿಲಲ್ಲೇ ಬೆಳೆದ. "ಅವ್ವ ನನ್ನ ಒಂದ್ ದಿನ ಎತ್ತಿಕಂಡದ್ದ್ ಇಲ್ಲೆ ಅತ್ತೆ. ಅವ್ವಂಗೆ ನಾ ಬೇಡ ಆಗಿತ್ತ್" ಎಂದು ಹೇಳಿ, ನಗುವವನ ಹಾಗೆ ಮುಖ ಮಾಡಿದ. ನಾನು ಅವನಿಗೆ ಇನ್ನೊಂದು ಕಡುಬು ಬಡಿಸಿದೆ. ಅಷ್ಟೇ ನಾನು ಮಾಡಿದ್ದು. ಅವನ ತಟ್ಟೆಗೆ ಕಡುಬು ಹಾಕಿದ್ದು.

ಈಗ ಈ ವಾರದ್ದು.

ಚೊಚ್ಚಲ ಹೆರಿಗೆ ನಮ್ಮ ಮನೆಯಲ್ಲಿ. ನೋವು ಶುರುವಾಗುತ್ತಲೇ ಹೇಳಿಕಳಿಸಿದೆವು. ಸುಬ್ಬಯ್ಯ ತಾಯಿಯನ್ನು ಕರೆದುಕೊಂಡು ಬಂದ. ಬೆಳಗಿನ ಹೊತ್ತು, ಸೂಲಗಿತ್ತಿ ಒಳಗೆ. ನನ್ನ ಗಂಡ ಕೋವಿ ಒರೆಸಿಕೊಂಡು ಅಂಗಳದಲ್ಲಿ. ಹೆಣ್ಣಾದರೆ ಕಂಚಿನ ತಟ್ಟೆ ಬಡಿಯಬೇಕು, ಅದನ್ನೂ ತೊಳೆದು ಕಟ್ಟೆಯ ಮೇಲೆ ಇಟ್ಟಿದ್ದರು. ಸುಮ್ಮನೆ ಇರಲಾರದೆ ಮೊರಕ್ಕೆ ಅಕ್ಕಿ ಹಾಕಿಕೊಂಡು ಜಗಲಿಯಲ್ಲಿ ಕೂತೆ. ನೀಲಮ್ಮ ಬಂದು ಪಕ್ಕದಲ್ಲಿ ಕೂತಳು. ಎದುರಲ್ಲ. ಪಕ್ಕದಲ್ಲಿ. ಮೊರವನ್ನು ಇಬ್ಬರ ನಡುವೆ ಎಳೆದುಕೊಂಡಳು.

ಒಳಗಿಂದ ಮಗುವಿನ ಅಳು. "ಗಂಡು!" ಎಂದು ಸೂಲಗಿತ್ತಿ ಕೂಗಿದಳು. ನನ್ನ ಗಂಡ ಕೋವಿ ಆಕಾಶಕ್ಕೆ ಹಿಡಿದರು. ಢಮ್!

ನಾನು ಎದ್ದು ಕುಣಿಯುವುದರಲ್ಲಿದ್ದೆ. ನೀಲಮ್ಮ ನನ್ನ ಮಣಿಕಟ್ಟು ಹಿಡಿದಳು. ಉಗುರು ಊರುವಷ್ಟು ಬಿಗಿಯಾಗಿ. ಕಣ್ಣು ಮುಚ್ಚಿದ್ದಳು. ಗುಂಡಿನ ಸದ್ದು ಗುಡ್ಡಕ್ಕೆ ಹೋಗಿ ಬಡಿದು, ತಿರುಗಿ ಬಂದು, ಅಡಗಿತು. ಅವಳು ಬಿಡಲಿಲ್ಲ. ಕೋಳಿಗಳು ಮತ್ತೆ ಕೆದಕತೊಡಗಿದವು. ಅವಳು ಇನ್ನೂ ಕಿವಿಗೊಟ್ಟೇ ಕೂತಿದ್ದಳು.

"ಇನ್ನೊಂದ್ ಬರುದಿಲ್ಲೆ ಅಲ್ಲ, ಲೆಚ್ಚುಮಿ?"

ನನ್ನ ಹೆಸರು ಅದು. ಆಸ್ಪತ್ರೆಯಲ್ಲಿ ಕರೆಯುತ್ತಿದ್ದ ಹೆಸರು. ಬೀಗಿತಿಯಾದ ಮೇಲೆ ಅವಳು ನನ್ನನ್ನು ಯಾವ ಹೆಸರಿನಿಂದಲೂ ಕರೆದಿರಲಿಲ್ಲ. ಮನೆಯಲ್ಲಂತೂ ಎಲ್ಲರಿಗೂ ನಾನು ಲಕ್ಷ್ಮಮ್ಮ.

ಗೊತ್ತಿತ್ತಾ ಎಂದು ಕೇಳಿದೆನೋ, ಕೇಳಲಿಲ್ಲವೋ. ಅವಳೇ ಹೇಳಿದಳು, ಅಕ್ಕಿಯನ್ನು ನೋಡುತ್ತಾ:

"ಅವತ್ತ್ ನಂಗೆ ಕೇಳಿದ್ದ್ ಒಂದೇ. ಜ್ವರದಲ್ಲೂ ಕೇಳಿತ್ತ್. ಆದ್ರೆ ಎರಡ್ ಅಂತ ಹೇಳಿದ್ದ್ ನೀನೇ ಅಲ್ಲ? ನನ್ನ ತಲೆ ಕೆಟ್ಟಿತ್ತ್, ಕಿವಿನೂ ಕೆಟ್ಟಿರೊಕು ಅಂತ ಗ್ರಹಿಸಿದೆ. ಅಲ್ಲಿ ನನ್ನ ಹತ್ರ ಕೂರ್ತಿದ್ದದ್ದ್ ನೀನೊಬ್ಳೇ ಅಲ್ಲ? ನೀ ಯಾಕೆ ಸುಳ್ಳು ಹೇಳೊಕು?"

ಕಲ್ಲೊಂದನ್ನು ತೆಗೆದು ಎಸೆದಳು.

"ಹೈದ ದೊಡ್ಡಾಗಿ, ಗದ್ದೆ ಏರಿಲಿ ನನ್ನ ಅಪ್ಪನ ಹಂಗೆ ಕೈ ಬೀಸಿಕಂಡ್ ನಡ್ದದ್ ನೋಡಿ ಗೊತ್ತಾತ್, ನಂದೇ ಅಂತ. ಅಷ್ಟೊತ್ತಿಗೆ ಅಂವ ನನ್ನ ಹತ್ರ ಬರೊದು ಬಿಟ್ಟಿತ್ತ್."

ಬೈದಿದ್ದರೆ! ಮೊರದಿಂದ ಮುಖಕ್ಕೆ ಹೊಡೆದಿದ್ದರೆ! ಅವಳು ತನ್ನ ಕಿವಿಯನ್ನು ನಂಬಲಿಲ್ಲ, ನನ್ನನ್ನು ನಂಬಿದಳು. ನಾನು ಅಂದುಕೊಂಡಿದ್ದೆ, ನಾನು ಅವಳಿಗೊಂದು ಸುಳ್ಳು ಸುದ್ದಿ ಕೊಟ್ಟೆ ಎಂದು. ಇಲ್ಲ. ಅವಳಲ್ಲಿ ಸರಿಯಾಗಿ ಉಳಿದಿದ್ದದ್ದು ಅದೊಂದೇ, ಆ ಒಂದು ಗುಂಡಿನ ಸದ್ದು. ಅದನ್ನು ನಾನು ಕಿತ್ತುಕೊಂಡೆ. ಪಕ್ಕದಲ್ಲಿ ಕೂತು ಗಳಿಸಿದ ನಂಬಿಕೆಯಿಂದಲೇ ಕಿತ್ತುಕೊಂಡೆ. ಪಕ್ಕದಲ್ಲಿ ಕೂರದೆ ಬಾಗಿಲಲ್ಲೇ ನಿಂತಿದ್ದ ಆಯಾ ಯಾರಾದರೂ ಅದೇ ಮಾತು ಹೇಳಿದ್ದರೆ ಅವಳು ನಂಬುತ್ತಿರಲಿಲ್ಲ.

ಆಗ ಸೂಲಗಿತ್ತಿ ಮಗುವನ್ನು ತಂದು ನನ್ನ ಕೈಗೆ ಕೊಟ್ಟಳು. ನೀಲಮ್ಮ ಅಂಗೈ ಎರಡನ್ನೂ ಸೆರಗಿಗೆ ಒರೆಸಿಕೊಂಡು ಮುಂದೆ ಚಾಚಿದಳು. ಮೆಟ್ಟಿಲಲ್ಲಿ ನಿಂತಿದ್ದ ಸುಬ್ಬಯ್ಯ ಮೆಲ್ಲಗೆ, ಸಿಟ್ಟಿಲ್ಲದೆ, ಅಭ್ಯಾಸವಾದ ಮಾತಿನ ಹಾಗೆ ಹೇಳಿದ:

"ಅವ್ವನ ಕೈಲಿ ಬೇಡ ಅತ್ತೆ. ಅವ್ವಂಗೆ ಮಕ್ಳ ಎತ್ತಿ ಗೊತ್ತಿಲ್ಲೆ."

ಅವಳು ಕೈಗಳನ್ನು ಹಿಂದಕ್ಕೆ ತೆಗೆದುಕೊಂಡು ಸೆರಗಿನೊಳಗೆ ಇಟ್ಟುಕೊಂಡಳು. ನನ್ನನ್ನು ನೋಡಲಿಲ್ಲ. ನಾನು — ಆಗಲೂ, ಅಷ್ಟು ಕೇಳಿದ ಮೇಲೂ — ಮಗುವನ್ನು ಎದೆಗೊತ್ತಿಕೊಂಡು ಒಳಗೆ ನಡೆದೆ.

ನೀಲಮ್ಮ ನಾಳೆ ಊರಿಗೆ ಹೊರಡುತ್ತಾಳೆ. ಇನ್ನೂ ಮಗುವನ್ನು ಮುಟ್ಟಿಲ್ಲ. ದೂರದಿಂದ ಆಕಳಿಕೆ ನೋಡುತ್ತಾಳೆ.

ದಣಿದಿದ್ದೆ, ಬಸುರಿಯಾಗಿದ್ದೆ ಎಂದು ಮೇಲೆ ಬರೆದಿದ್ದೇನೆ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅವಳೂ ದಣಿದಿದ್ದಳು, ಅವಳೂ ಹೆತ್ತವಳು.

ಸುಬ್ಬಯ್ಯ ಈಗ ಅಂಗಳದ ಕಟ್ಟೆಯ ಮೇಲೆ ಒಬ್ಬನೇ ಕೂತಿದ್ದಾನೆ. ನಾನು ಮೊರ ತೆಗೆದುಕೊಂಡು ಹೋಗಿ ಅವನ ಪಕ್ಕದಲ್ಲಿ ಕೂರುತ್ತೇನೆ. ನಿನ್ನ ಅವ್ವ ನಿನ್ನನ್ನು ಬೇಡ ಎನ್ನಲಿಲ್ಲ, ನೀನು ಸತ್ತೆ ಎಂದು ಅವಳಿಗೆ ಹೇಳಿದವಳು ನಾನು ಎಂದು ಹೇಳುತ್ತೇನೆ. ಅವನು ಕೇಳಿದ್ದಕ್ಕೆಲ್ಲ ಗೊತ್ತಿದ್ದಷ್ಟು ಹೇಳುತ್ತೇನೆ. ಅವನು ಎದ್ದುಹೋದರೆ ತಡೆಯುವುದಿಲ್ಲ. ಆಮೇಲೆ ಒಳಗೆ ಹೋಗಿ, ಯಾರನ್ನೂ ಕೇಳದೆ, ಮಗುವನ್ನು ನೀಲಮ್ಮನ ಮಡಿಲಿಗೆ ಹಾಕುತ್ತೇನೆ. ಇನ್ನು ಮುಂದೆ ನನ್ನ ಕೈಗೆ ಅದನ್ನು ಯಾರೂ ಕೊಡದಿದ್ದರೂ ಸರಿ — ಅಯ್ಯೋ, ಅದರ ಆ ಕಿವಿ, ಆ ಮುಷ್ಟಿ — ಸರಿ.

ಅವನು ತಲೆಯೆತ್ತಿ ಈ ಕಡೆ ನೋಡಿದ. ಏಳುತ್ತೇನೆ.